ಅವ್ವನ ಗಲ್ಲ ಒಪ್ಪಿದ ಅರಬಿ

ಬಟ್ಟೆ, ನಮ್ಮ ಕಡೆಯ ಮಾತಿನಲ್ಲಿ ಅರಬಿ, ಒಣಗಿದೆಯೋ ಇಲ್ಲವೋ ಎಂದು ನಮ್ಮವ್ವ ಕೈಯಿಂದ ಮುಟ್ಟಿ ನೋಡುವುದಿಲ್ಲ. ಗಲ್ಲಕ್ಕೆ ಒತ್ತಿಕೊಂಡು ನೋಡುತ್ತಾಳೆ. ಬನಹಟ್ಟಿಯಲ್ಲಿ ನಮ್ಮ ಮನೆ ಇದ್ದಾಗ ಬಣ್ಣ ಹಾಕಿದ ನೂಲಿನ ಲಡಿ ಹಿಂಡುವುದು, ಹಿಂಡಿದ್ದನ್ನು ತಲೆಯ ಮೇಲಿನ ಬಿದಿರ ಗಳಕ್ಕೆ ಒಣಹಾಕುವುದು ಅವಳ ಕೆಲಸವಾಗಿತ್ತು. ಇಡೀ ದಿನ ಒದ್ದೆ ಇರುವ ಕೈಗೆ ಹಸಿ ಯಾವುದು ಒಣಗಿದ್ದು ಯಾವುದು ತಿಳಿಯುವುದಿಲ್ಲ. ಹಸಿ ಲಡಿ ಹೋದರೆ ನೇಕಾರರು ಹೊಳ್ಳಿ ಕಳಿಸುತ್ತಿದ್ದರು. ಅದಕ್ಕೇ ಗಲ್ಲ.

ಆ ಕೆಲಸದ ದುಡ್ಡಿನಲ್ಲೇ ನಾನು ಬಿ.ಎಸ್ಸಿ. ಮುಗಿಸಿದೆ, ಬಿ.ಎಡ್. ಮುಗಿಸಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಪಿಯುಸಿಯಲ್ಲಿ ಇಂಗ್ಲಿಷ್ ಒಮ್ಮೆ ಹೋಗಿತ್ತು, ಮತ್ತೆ ಕಟ್ಟಿ ಪಾಸಾದೆ. ಇದನ್ನು ಮುಚ್ಚಿಡಬೇಕು ಎಂದು ನನಗೆ ಯಾವತ್ತೂ ಅನಿಸಿಲ್ಲ. ಈಗ ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮುಧೋಳದ ಹೊರಗೆ ಮನೆ ಕಟ್ಟಿದ್ದೇವೆ. ನಾನು, ನಮ್ಮ ಯಜಮಾನರು, ಅವ್ವ, ಮೂರು ಜನ.

ಮನೆ ಛಲೋ ಐತಿ. ತೊಂದರೆ ಒಂದೇ. ಕಬ್ಬಿನ ಹಂಗಾಮು ಶುರುವಾದರೆ ಸಕ್ಕರೆ ಕಾರ್ಖಾನೆಯ ಚಿಮಣಿಯಿಂದ ಗಾಳಿ ಬೀಸಿದ ಕಡೆ ಕರಿ ಬೂದಿ ಹಾರುತ್ತದೆ. ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಅಂಗಿ ಸಂಜೆಗೆ ಎಳ್ಳು ಉದುರಿಸಿದಂತೆ ಕಾಣುತ್ತದೆ. ಜಾಡಿಸಿದರೆ ಪೂರಾ ಹೋಗುವುದಿಲ್ಲ, ಒರೆಸಿದಿರೋ ಗೆರೆ ಬೀಳುತ್ತದೆ. ಅವ್ವ ಮತ್ತೆ ಒಗೆಯುತ್ತಿದ್ದಳು, ಮತ್ತೆ ಹಿಂಡುತ್ತಿದ್ದಳು, ಮತ್ತೆ ಕೈ ಎತ್ತಿ ಹಗ್ಗಕ್ಕೆ ಹಾಕುತ್ತಿದ್ದಳು. ಹೋದ ಹಂಗಾಮಿನಲ್ಲಿ ಅವಳ ಬಲ ಹೆಗಲು ಹಿಡಿದುಕೊಂಡಿತು. ಜಮಖಂಡಿಯ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: "ಹಿಂಡೂದು, ಕೈ ಎತ್ತಿ ಒಣಾ ಹಾಕೂದು ಎರಡೂ ಬಂದ್. ಇಲ್ಲಂದ್ರ ಈ ಕೈ ಹಿಂಗ ನಿಂತ ಬಿಡ್ತೈತಿ, ನೋಡ್ರಿ."

ಕೈ ನಿಲ್ಲುತ್ತದೆ ಎಂದರೇನು ಎಂಬುದು ನನಗೆ ಒಂದು ಬೆಳಿಗ್ಗೆ ತಿಳಿಯಿತು. ಅವ್ವ ಕನ್ನಡಿಯ ಮುಂದೆ ಕೂತು ತುರುಬು ಕಟ್ಟಿಕೊಳ್ಳಲು ನೋಡುತ್ತಿದ್ದಳು. ಕೈ ಕಿವಿಯ ತನಕವೂ ಬರಲಿಲ್ಲ. ನಾನು ನೋಡಿದ್ದು ಗೊತ್ತಾಗಿ ಸೆರಗು ಹೊದ್ದುಕೊಂಡು ಎದ್ದುಹೋದಳು. ಆ ವಾರವೇ ಒಗೆದು ಒಣಗಿಸಿಯೂ ಕೊಡುವ ಮಶೀನು ತಂದೆ. ಅವ್ವ ಅದಕ್ಕೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದಳು. "ಇನ್ ಮ್ಯಾಲ ನೀ ಹಗ್ಗಕ್ಕ ಕೈ ಹಚ್ಚಬ್ಯಾಡ" ಎಂದು ನಾನು ದೊಡ್ಡದಾಗಿ ಹೇಳಿದೆ.

ಬೆಳಿಗ್ಗೆ ಆರಕ್ಕೆ ಬಟ್ಟೆ ಹಾಕಿ ಗುಂಡಿ ಒತ್ತುತ್ತಿದ್ದೆ. ಎಂಟರ ಹೊತ್ತಿಗೆ ಒಗೆಯುವುದು ಮುಗಿದು ಒಣಗಿಸುವುದು ಶುರುವಾಗುತ್ತಿತ್ತು. ಮಶೀನಿನ ನಳ ಬಂದ್ ಮಾಡಿ ನಾನು ಸಾಲಿಗೆ ಹೊರಡುತ್ತಿದ್ದೆ. ಮಶೀನು ಬಿಡುವ ಕೊಳೆ ನೀರನ್ನೂ ಅವ್ವ ಹಾಳು ಮಾಡಗೊಡಲಿಲ್ಲ. ಹಿತ್ತಲಲ್ಲಿ ಒಂದು ಬ್ಯಾರಲ್ ಇಟ್ಟು, ಪೈಪನ್ನು ಅದರೊಳಗೆ ಬಿಡಿಸಿ, ಆ ನೀರಿನಿಂದ ಅಂಗಳ, ಬಚ್ಚಲು ತೊಳೆಯುತ್ತಿದ್ದಳು. ಒಂದು ಸಲ ಒಗೆದರೆ ಬ್ಯಾರಲ್ ಮುಕ್ಕಾಲು ತುಂಬುತ್ತಿತ್ತು.

ಮೊದಲ ದಿನ ಸಂಜೆ ಬಂದು ನೋಡಿದರೆ ಅವ್ವ ಬುಟ್ಟಿಯನ್ನು ಎಡ ಬಗಲಿಗೆ ಇಟ್ಟುಕೊಂಡು ಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದಳು.

"ಎಲ್ಲಿ ಹೊಂಟಿ ಬೇ ಯವ್ವಾ?"

"ಹಗ್ಗಕ್ಕ ಹಾಕಾಕ. ನಿನ್ನ ಮಶೀನ ಅರಬಿ ಬಿಸಿ ಮಾಡ್ತೈತಿ, ಒಣಗಸೂದಿಲ್ಲ."

ಸೀರೆಯ ಚುಂಗನ್ನು ನನ್ನ ಗಲ್ಲಕ್ಕೇ ಒತ್ತಿದಳು. ಬೆಚ್ಚಗಿತ್ತು, ಖರೆ. ಆದರೆ ಹಬೆಯಲ್ಲಿ ಇಟ್ಟು ತೆಗೆದ ಹಾಗೆ ಹಸಿ.

ತಪ್ಪು ಅವ್ವನದೇ ಎಂದುಕೊಂಡೆ. ಕೌದಿ, ಚಾದರ, ನನ್ನ ಸೀರೆ, ಯಜಮಾನರ ಪ್ಯಾಂಟು ಎಲ್ಲವನ್ನೂ ಕೂಡಿಸಿ ಬಾಗಿಲ ಬಳಿ ಇಡುತ್ತಿದ್ದವಳು ಅವಳೇ. ತುರುಕುತ್ತಿದ್ದವಳು ನಾನು, ಅದು ಬೇರೆ ಮಾತು. ನಾಲ್ಕು ದಿನ ಹಿಂಗೇ ನಡೆಯಿತು. ಯಜಮಾನರು ಊಟಕ್ಕೆ ಕೂತಾಗ, "ಬಿ.ಎಸ್ಸಿ. ಒಂದ್ ಕಡೆ, ಮಶೀನ ಒಂದ್ ಕಡೆ. ಯಾರು ಗೆಲ್ತಾರ ನೋಡೂಣು" ಎಂದರು. ನನಗೆ ಸಿಟ್ಟು ಬಂತು. ನಗುವೂ ಬಂತು.

ರವಿವಾರ ರಿಪೇರಿಯವರನ್ನು ಕರೆಸಿದೆ. ಐವತ್ತರ ಆಸುಪಾಸಿನವರು, ಮಾತು ಕಡಿಮೆ. ನಳ ಬಿಟ್ಟು ನೀರಿನ ಜೋರು ನೋಡಿದರು. ಕೆಳಗಿನ ಜಾಳಿಗೆಯಿಂದ ಒಂದು ಹಿಡಿ ನೂಲು, ಒಂದು ಸೇಫ್ಟಿ ಪಿನ್ನು ತೆಗೆದರು. ಆಮೇಲೆ ಬುಟ್ಟಿಯಲ್ಲಿದ್ದ ಬಟ್ಟೆಗಳನ್ನು ನೋಡಿ ತಲೆ ಅಲ್ಲಾಡಿಸಿದರು.

"ಟೀಚರ್, ಇದು ಎಂಟು ಕಿಲೋ ಒಗಿತೈತ್ರಿ. ಆದ್ರ ಒಣಗಸೂದು ಐದ ಕಿಲೋ. ನೀವು ಹತ್ತಿ ಅಂಡಿಗಿ ತುಂಬಿದಂಗ ತುಂಬೀರಿ."

ಅವ್ವ ಬಾಗಿಲಿಂದಲೇ, "ನಡಕ ಗಾಳಿ ಆಡಬೇಕಲ್ಲಪಾ. ನಾವೂ ಗಳಕ್ಕ ಲಡಿ ಬಿಡಿಸಿ ಬಿಡಿಸಿ ಹಾಕ್ತಿದ್ವಿ" ಎಂದಳು.

"ನಿಮಗ ತಿಳದೈತ್ರಿ ಅವ್ವಾರ. ಟೀಚರಿಗೆ ತಿಳದಿಲ್ಲ."

ಅರ್ಧ ತುಂಬಿ ಮಶೀನು ಹಚ್ಚಿದರು. ಇದ್ದು ನೋಡಿಯೇ ಹೋಗುತ್ತೇನೆಂದು ಊಟ ಮಾಡಿದರು, ಚಹಾ ಕುಡಿದರು. ಬಟ್ಟೆ ಹೊರಗೆ ಬಂದಾಗ ಹಪ್ಪಳದಂತೆ ಒಣಗಿತ್ತು! ಅವ್ವ ಗಲ್ಲಕ್ಕೆ ಒತ್ತಿ ನೋಡಿ ಹೂಂ ಅಂದಳು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಸೋಮವಾರ ಅಷ್ಟೇ ಬಟ್ಟೆ ಹಾಕಿದೆ. ಮತ್ತೆ ಹಸಿ. ಮಂಗಳವಾರವೂ ಹಸಿ.

"ಸಾಲಿಗೆ ಸಾಹೇಬರು ಬಂದಾಗ ನಿಮ್ಮ ಹುಡುಗೂರು ಶ್ಯಾಣ್ಯಾ ಆಗ್ತಾವಲ್ಲ, ಹಂಗ ಇದು" ಎಂದಳು ಅವ್ವ. ನಗಿಸಲಿಕ್ಕೆ ಹೇಳಿದ್ದಳು, ನಾನು ನಗಲಿಲ್ಲ. ಯಾಕೆಂದರೆ ಬುಟ್ಟಿ ಅವಳ ಬಗಲಲ್ಲೇ ಇತ್ತು. ಕೈ ಹಚ್ಚಬೇಡ ಎಂದು ಕಸಿದುಕೊಳ್ಳಲು ಹೋದೆ.

"ಬಿಡು. ಶನಿವಾರತನಾ ನೋಡ್ತೀನಿ. ಆಮ್ಯಾಲ ಇದನ್ನ ಹೊಳ್ಳಿ ಕಳಸು. ನನ್ನ ಅರಬಿ ನಾ ಒಗಕೋತೀನಿ, ನಾ ಒಣಾ ಹಾಕೋತೀನಿ. ಸಾಯೂತನಕಾ ಈ ಕೈ ಒಪ್ಪ ಇಟ್ಕೊಂಡು ಏನ್ ಮಾಡ್ಲಿ?"

ಅವಳು ಹಾಗೆಂದರೆ ಹಾಗೇ. ನಾನು ಬೆಳಗ್ಗೆಯೇ ಅವಳ ತಲೆ ಬಾಚಿ ತುರುಬು ಕಟ್ಟಿ ಬಂದಿದ್ದೆ. ಆ ಹೆಗಲಿಗೆ ಎಷ್ಟು ನೋವಿದೆ ಎಂದು ನನ್ನ ಬೆರಳಿಗೆ ಗೊತ್ತಿತ್ತು.

ಗುರುವಾರ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಗಿನ ವಿಶೇಷ ತರಗತಿ ಇತ್ತು. ಏಳಕ್ಕೇ ಬಸ್ಸು ಹಿಡಿಯಬೇಕು. ಮಶೀನು ಇನ್ನೂ ಒಗೆಯುತ್ತಿತ್ತು, ಹಾಗೇ ಬಿಟ್ಟು ಓಡಿದೆ.

ಸಂಜೆ ಗೇಟು ತೆಗೆಯುವ ಮೊದಲೇ ಬೈಗುಳ ಶುರುವಾಯಿತು.

"ಏನ್ ಧಿಮಾಕ ನಿಂದು? ನಳಾ ಬಂದ್ ಮಾಡೂದಿಲ್ಲ ಏನ? ಬ್ಯಾರಲ್ ತುಂಬಿ ಹಿತ್ತಲಾ ಪೂರಾ ಕೆರಿ ಆಗೈತಿ! ಎರಡ ಕೊಡ ನಾ ಬ್ಯಾರೆ ಕಡೆ ಸುರುವಿದೆ, ಮತ್ತ ತುಂಬ್ತು."

ನನಗೆ ನಾಚಿಕೆಯಾಯಿತು. ನಳ ಬಿಟ್ಟು ಬರುವುದು ನಮ್ಮ ಮನೆಯಲ್ಲಿ ಕಳವು ಮಾಡಿದಷ್ಟೇ ತಪ್ಪು. ಬನಹಟ್ಟಿಯಲ್ಲಿ ನಳದ ನೀರು ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಕೊಡ ತುಂಬಿದ ಮೇಲೆ ಒಂದು ಗಳಿಗೆ ನಳ ಬಿಟ್ಟಿದ್ದಕ್ಕೆ ನನ್ನ ಬೆನ್ನಿಗೆ ಅವ್ವನ ಐದೂ ಬೆರಳು ಮೂಡಿದ್ದವು. ಅಂದಿನಿಂದ ಕೆಲಸ ಮುಗಿಯಿತೆಂದರೆ ನನ್ನ ಕೈ ತಾನೇ ನಳಕ್ಕೆ ಹೋಗುತ್ತದೆ.

"ತಪ್ಪಾತು ಬೇ. ಅರಬಿ ಎಲ್ಲಿ? ತಾ, ನಾ ಹಾಕ್ತೀನಿ ಹಗ್ಗಕ್ಕ."

"ಮಡಿಚಿ ಇಟ್ಟೀನಿ. ಇವತ್ತು ಒಣಗ್ಯಾವ. ನೀ ಮನ್ಯಾಗ ಇಲ್ಲದಾಗ ಅದಕ್ಕ ಹುರುಪ ಬರತೈತಿ, ನಿನ್ನ ಕಂಡ್ರ ಅಂಜತೈತಿ."

ಚಪ್ಪಲಿ ಬಿಡುತ್ತಿದ್ದ ನಾನು ಹಾಗೇ ನಿಂತೆ. ಅವ್ವ ಎರಡು ಬೇರೆ ಬೇರೆ ಮಾತು ಹೇಳಿದ್ದಳು. ಬ್ಯಾರಲ್ ಉಕ್ಕಿತು. ಬಟ್ಟೆ ಒಣಗಿತು. ಒಗೆಯುವ ನೀರಿಗೆ ಬ್ಯಾರಲ್ ಎಂದೂ ಉಕ್ಕಿಲ್ಲ.

"ಯವ್ವಾ, ನೀರು ಯಾವಾಗ ಉಕ್ಕಿದ್ದು? ಒಗೀವಾಗನೋ, ಒಣಗಸೂವಾಗನೋ?"

"ಒಗಿಯೂದು ಮುಗದಿತ್ತಲ್ಲ. ಅದು ಗುಂಯ್ ಅನ್ನಾಕತ್ತಿತ್ತು. ಪೈಪಿಂದ ಸಣ್ಣಗ ಬಿಟ್ಟೂ ಬಿಡದಂಗ ಬರ್ತಿತ್ತು. ದಿನಾ ಹಂಗ ಬರೂದಿಲ್ಲ."

ರವಿವಾರವೂ ರಿಪೇರಿಯವರು ಬಿಟ್ಟ ನಳವನ್ನು ಯಾರೂ ಮುಟ್ಟಿರಲಿಲ್ಲ. ಅಂದು ಅವ್ವ ನಡುವೆಯೇ ಬ್ಯಾರಲ್ ನೀರಿನಿಂದ ಅಂಗಳ ತೊಳೆದಿದ್ದಳು, ಅದಕ್ಕೇ ಅದು ಉಕ್ಕಿರಲಿಲ್ಲ. ಮಶೀನಿನ ಜೊತೆ ಬಂದ ಪುಸ್ತಕ ಎಲ್ಲಿ ಎಂದು ಕೇಳಿದೆ. ಅವ್ವ ಅಚ್ಚಾದ ಯಾವ ಕಾಗದವನ್ನೂ ಹೊರಗೆ ಇಡುವವಳಲ್ಲ. ಟ್ರಂಕಿನಲ್ಲಿ ನನ್ನ ಮಾರ್ಕ್ಸ್ ಕಾರ್ಡುಗಳ ಕೆಳಗೆ ಅದು ಭದ್ರವಾಗಿತ್ತು. ಅದರಲ್ಲಿ ಕನ್ನಡ ಇರಲಿಲ್ಲ. ಒಗೆಯುವ ಪುಟಗಳನ್ನಷ್ಟೇ ಮಶೀನು ತಂದ ದಿನ ತಿರುವಿ ಹಾಕಿದ್ದೆ. ಈಗ ಕೂತು ಒಂದೊಂದೇ ಸಾಲು ಓದಿದೆ. ಒಣಗಿಸುವಾಗ ನಳ ಬಿಟ್ಟಿರಬೇಕು ಎಂದು ದಪ್ಪ ಅಕ್ಷರದಲ್ಲೇ ಇತ್ತು.

ಒಣಗಿಸಲಿಕ್ಕೆ ನೀರು ಯಾಕೆ? ನನ್ನಷ್ಟಕ್ಕೇ ನಗು ಬಂತು. ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತೇನೆ. ಕುದಿಯುವ ಪಾತ್ರೆಯ ಮೇಲೆ ತಣ್ಣನೆಯ ತಾಟು ಹಿಡಿದರೆ ಹಬೆ ನೀರಾಗಿ ಇಳಿಯುತ್ತದೆ. ಮಶೀನೂ ಅದನ್ನೇ ಮಾಡುತ್ತಿತ್ತು. ಬಟ್ಟೆಯಿಂದ ಎದ್ದ ಹಬೆ ತಣ್ಣೀರು ಹರಿಯುವ ಜಾಗಕ್ಕೆ ತಾಗಿ ನೀರಾಗಬೇಕು, ಪೈಪಿನಿಂದ ಹೊರಗೆ ಹೋಗಬೇಕು. ನಾನು ದಿನಾ ಆ ತಣ್ಣೀರನ್ನೇ ಬಂದ್ ಮಾಡುತ್ತಿದ್ದೆ. ಹಬೆ ಒಳಗೇ ಸುತ್ತಿ ಬಟ್ಟೆಗೇ ಕೂಡುತ್ತಿತ್ತು.

ಒಲೆಯ ಮೇಲೆ ನೀರಿಟ್ಟು, ತಾಟು ಹಿಡಿದು ಅವ್ವನಿಗೆ ತೋರಿಸಿದೆ. ತಾಟಿನ ಕೆಳಗೆ ಹನಿ ಕಟ್ಟಿದ್ದನ್ನು ಅವಳು ಬೆರಳಿಂದ ಒರೆಸಿ ನೋಡಿದಳು.

"ಇಷ್ಟ ಏನ? ಇದನ್ನ ನೀ ಸಾಲ್ಯಾಗ ಕಲಸ್ತೀ?"

"ಹೂಂ."

"ಮನ್ಯಾಗ ಯಾಕ ಮರತಿ?"

"ನಿನ್ನ ಏಟಿನ ಪಾಠ ಅದಕ್ಕಿಂತ ಮೊದಲ ಕಲ್ತಿದ್ದೆ ಬೇ."

ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ಆಮೇಲೆ, "ಬ್ಯಾರಲ್ ಉಕ್ಕಿದ್ದು ನಾ ಹೇಳದಿದ್ರ ನಿನಗೆಲ್ಲಿ ಹೊಳೀತಿತ್ತು" ಎಂದಳು. ಅದೂ ಖರೆ. ಅವಳು ಕಂಡಳು, ನಾನು ಕೂಡಿಸಿದೆ. ನನ್ನ ಓದಿನ ಮೇಲೆ ನನಗಿರುವ ಅಭಿಮಾನ ಅಂದು ಕಡಿಮೆಯಾಗಲಿಲ್ಲ. ಒಂದು ಸುತ್ತು ಹೆಚ್ಚೇ ಆಯಿತು.

ಶುಕ್ರವಾರ ನಳ ಬಿಟ್ಟೇ ಹೋದೆ. ಒಣಗಿದವು. ಶನಿವಾರ ಅವ್ವನ ಗಡುವು. ಅರ್ಧ ದಿನದ ಸಾಲಿ ಮುಗಿಸಿ ಬಂದಾಗ ಅವಳು ಬಟ್ಟೆಗಳನ್ನು ಒಂದೊಂದೇ ಗಲ್ಲಕ್ಕೆ ಒತ್ತಿ ಎಡಗೈಯಿಂದ ತೊಡೆಯ ಮೇಲೆ ಮಡಚುತ್ತಿದ್ದಳು. ಕೊನೆಗೆ ಚಾದರದ ಅಂಚು ಒತ್ತಿ, "ಇರಲಿ ಬಿಡು, ಹೊಳ್ಳಿ ಕಳಸಬ್ಯಾಡ" ಎಂದಳು. ಬ್ಯಾರಲ್ಲಿನ ಪಕ್ಕ ಆಗಲೇ ಇನ್ನೊಂದು ಬ್ಯಾರಲ್ ಬಂದು ಕೂತಿತ್ತು. ಯಜಮಾನರ ಕೈಲಿ ಹೊರಿಸಿಕೊಂಡು ಬಂದಿದ್ದಳಂತೆ.

ಈಗಲೂ ಬೆಳಿಗ್ಗೆ ಹೊರಡುವಾಗ ನನ್ನ ಕೈ ನಳದ ಕಡೆ ಹೋಗುತ್ತದೆ. ಹಿತ್ತಲಿಂದ ಅವ್ವ ಒದರುತ್ತಾಳೆ: "ಏ, ಮುಟ್ಟಬ್ಯಾಡ ಅದನ್ನ!" ಮಾಳಿಗೆಯ ಹಗ್ಗ ಬಿಚ್ಚಿ ಮೂಲೆಗೆ ಹಾಕಿದ್ದೇವೆ. ತುರುಬು ಇನ್ನೂ ನಾನೇ ಕಟ್ಟುತ್ತೇನೆ. ಆದರೆ ಮೊನ್ನೆ, ನಾನು ಬಾಚಣಿಗೆ ತರುವುದರೊಳಗೆ, ಅವಳ ಬಲಗೈ ಕಿವಿ ದಾಟಿ ಕೂದಲನ್ನು ಹಿಡಿದಿತ್ತು.