ನೀಲಿ ಹರಿದ ದಾರಿ

ಕೆರೆಯ ಗೇಟಿನಲ್ಲಿ ದೋಣಿ ತೊಳೆಯುವ ಹೆಂಗಸನ್ನು ಊರೆಲ್ಲ ಬ್ರಷ್ಷಕ್ಕ ಎಂದೇ ಕರೆಯುತ್ತದೆ. ಹೊರಗಿನ ನೀರಿನಲ್ಲಿ ಓಡಾಡಿ ಬಂದ ಯಾವ ದೋಣಿಯೂ ಅವಳ ಕೈ ದಾಟದೆ ಈ ಕೆರೆಗೆ ಇಳಿಯುವಂತಿಲ್ಲ. ತಳ ಉಜ್ಜಬೇಕು, ಬಿಸಿನೀರು ಹಾಯಿಸಬೇಕು, ಐದು ದಿನ ಬಿಸಿಲಿಗೆ ಮಗುಚಿ ಹಾಕಬೇಕು. "ನನ್ನ ದೋಣಿಗೇನು ಕಜ್ಜಿಯಾ?" ಎಂದು ರೇಗಿದವರಿಗೆ, "ಇದ್ರೂ ಇರಬಹುದು ಸ್ವಾಮಿ, ನಮ್ಮ ಕೆರೆಗೆ ಅಂಟೋದು ಬೇಡ," ಎಂದು ಬ್ರಷ್ಷು ಅದ್ದುತ್ತಾಳೆ.

ಈ ಹಟ ಪುಸ್ತಕ ಓದಿ ಬಂದದ್ದಲ್ಲ. ಮೊದಲು ಅವಳು ಪಕ್ಕದ ಊರಿನ ಪಂಪ್‌ಹೌಸಿನಲ್ಲಿದ್ದಳು. ಅಲ್ಲಿನ ಕೆರೆಗೆ ಯಾರದೋ ದೋಣಿಯ ತಳ ಕಚ್ಚಿಕೊಂಡು ಪರದೇಶದ ಕಪ್ಪೆಚಿಪ್ಪೊಂದು ಬಂತು. ಎಳ್ಳುಕಾಳಿನಷ್ಟಿದ್ದದ್ದು ಸಾವಿರ, ಲಕ್ಷವಾಗಿ ಕುಡಿಯುವ ನೀರಿನ ಪೈಪನ್ನು ಒಳಗಿನಿಂದಲೇ ಬಿಗಿದುಹಾಕಿತು. ಒಳ್ಳೆಯ ಪಾಚಿಯನ್ನೆಲ್ಲ ತಿಂದು ವಿಷದ ಪಾಚಿಯನ್ನು ಉಳಿಸಿತು. ಮೀನು ಸತ್ತವು, ನೀರು ಕುಡಿದವರು ಆಸ್ಪತ್ರೆಯ ಬೆಂಚು ಹಿಡಿದರು. ಆ ಪೈಪುಗಳನ್ನು ಕೆರೆದ ಗಾಯದ ಗೆರೆಗಳು ಅವಳ ಅಂಗೈಯಲ್ಲಿ ಇನ್ನೂ ಇವೆ.

ದೋಣಿ ಪಂದ್ಯಕ್ಕೆ ಎರಡು ದಿನವಿದ್ದಾಗ ಗಂಡನ ಅಣ್ಣ ದೋಣಿ ಹೇರಿಕೊಂಡು ಬಂದ. ಅದೇ ಹಾಳಾದ ಕೆರೆಯಿಂದ.

"ಐದು ದಿನ ಒಣಗಬೇಕು ಭಾವ."

"ಪಂದ್ಯ ಮುಗಿದ ಮೇಲೆ ನಾನೂ ಇದರ ಜೊತೆ ಒಣಗ್ತಾ ಕೂರಲಾ? ಮನೇಲಿ ನಾನು ದೊಡ್ಡೋನು ಕಣಮ್ಮ."

"ಮನೇಲಿ ದೊಡ್ಡೋರೇ. ಗೇಟಲ್ಲಿ ಎಲ್ಲರೂ ಒಂದೇ."

ಭಾವ ದೋಣಿ ತೊಳೆಯುವ ಕಟ್ಟೆಯ ಅಂಚಿನಲ್ಲಿ ಕೂತು, ಅವಳು ಇನ್ನೊಂದು ದೋಣಿ ತೊಳೆಯುವುದನ್ನೇ ನೋಡುತ್ತಿದ್ದ. ಆಮೇಲೆ ನಿಧಾನವಾಗಿ ಚುಚ್ಚಿದ: "ನನ್ನ ದೋಣಿ ತಡೀತೀಯ, ಸರಿ. ನೀನು ತೊಳೆದ ನೀರು ಎಲ್ಲಿಗೆ ಹೋಗ್ತಿದೆ, ಅದನ್ನ ಯಾವತ್ತಾದ್ರೂ ನೋಡಿದೀಯಾ?"

ಅವಳು ಬ್ರಷ್ಷು ಕೆಳಗಿಟ್ಟಳು. ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟಿನಲ್ಲಿ ಕಲಸಿ ಕಟ್ಟೆಯ ಮೇಲೆ ಸುರಿದಳು. ಕಟ್ಟೆಯ ಹಿಂದಿನ ಇಂಗುಗುಂಡಿಯತ್ತ ಹೋಗಬೇಕಿದ್ದ ನೀಲಿ, ತಿರುಗಿ, ಮೆಟ್ಟಿಲಿಳಿದು, ಸೀದಾ ಕೆರೆ ಸೇರಿತು.

ಈ ಕಟ್ಟೆಯ ಮೇಲೆ ಅವಳು ದೋಣಿ ತೊಳೆದದ್ದು ಹನ್ನೊಂದು ತಿಂಗಳು. ಅದರಲ್ಲಿ ಒಂದು ತಿಂಗಳು ಬಾಯ್ಲರ್ ಕೆಟ್ಟು, ಮೇಲಿನವರ ಅಪ್ಪಣೆಯಂತೆ ತಣ್ಣೀರಿನಲ್ಲೇ ತೊಳೆದಿದ್ದಳು; ತಣ್ಣೀರಿಗೆ ಆ ಚಿಪ್ಪು ಸಾಯುವುದಿಲ್ಲ. ಬೇಲಿ ಕಾಯಲು ನಿಂತವಳೇ ಹೊಲಕ್ಕೆ ದನ ನುಗ್ಗಿಸಿದೆನೇ ಎಂದು ಅವಳು ಮೆಟ್ಟಿಲಿಳಿದು ನೀರೊಳಗಿನ ಕಲ್ಲುಗಳನ್ನು ಸವರಿ ನೋಡಿದಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಕಟ್ಟೆಯ ಉದ್ಘಾಟನೆಗೆ ಹನ್ನೆರಡು ಜನ ದೊಡ್ಡವರು ಬಂದು ರಿಬ್ಬನ್ ಹಿಡಿದು ನಕ್ಕಿದ್ದರು. ಅವರಲ್ಲೊಬ್ಬರು ಒಂದು ಚೊಂಬು ನೀರು ಸುರಿದು ನೋಡಿದ್ದರೆ ಸಾಕಿತ್ತು. ನೀರಿಗೆ ಇಳಿಜಾರು ಗೊತ್ತು. ಇಂಜಿನಿಯರಿಗೆ ಗೊತ್ತಿರಲಿಲ್ಲ.

ಬ್ರಷ್ಷಕ್ಕ ಯಾರನ್ನೂ ಕೇಳದೆ ಗೇಟಿಗೆ ಬೀಗ ಹಾಕಿದಳು. ಇಂಜಿನಿಯರು ಜೀಪಿನಿಂದ ಇಳಿಯುತ್ತಲೇ, "ನಾಡಿದ್ದು ಪಂದ್ಯ. ಬೀಗ ಹಾಕೋಕೆ ನೀನ್ಯಾರಮ್ಮ?" ಎಂದರು.

"ತೊಳೆಯೋಳು ಸಾರ್." ಅವಳು ಇನ್ನೊಂದು ಬಕೆಟ್ ನೀಲಿ ಸುರಿದಳು. "ಇದು ಎಲ್ಲಿಗೆ ಹೋಗುತ್ತೆ, ನೀವೇ ಹೇಳಿ."

ಅವರ ಬೂಟಿನ ಪಕ್ಕದಲ್ಲೇ ನೀಲಿ ಕೆರೆಗಿಳಿಯಿತು. ಅವರು ಬೂಟು ಹಿಂದಕ್ಕೆಳೆದುಕೊಂಡು ಫೋನು ತೆಗೆದರು. ಪಂದ್ಯ ಮುಂದೆ ಹೋಯಿತು.

ಮರುದಿನ ಪ್ರಯೋಗಾಲಯದ ಹುಡುಗಿ ಬಂದು ಕೆರೆಯ ಒಂಬತ್ತು ಕಡೆಯಿಂದ ನೀರು ತುಂಬಿಸಿಕೊಂಡಳು. ಈಗ ಚಿಪ್ಪನ್ನೇ ಹಿಡಿಯಬೇಕಾಗಿಲ್ಲ. ಅದು ನೀರಿನಲ್ಲಿ ಬಿಟ್ಟ ಡಿಎನ್‌ಎ ಗುರುತು ಒಂದು ಬಾಟಲಿ ನೀರಿನಲ್ಲೇ ಸಿಗುತ್ತದೆ. ಆ ವಾರವೆಲ್ಲ ಬ್ರಷ್ಷಕ್ಕ ಊಟಕ್ಕೆ ಕೂತರೂ ತಟ್ಟೆಯ ಮುಂದೆ ಅಂಗೈ ನೋಡಿಕೊಳ್ಳುತ್ತಿದ್ದಳು.

"ಎಂಟು ಕಡೆ ಏನೂ ಇಲ್ಲ ಅಕ್ಕ," ಎಂದಳು ವಾರದ ಕೊನೆಗೆ ಬಂದ ಹುಡುಗಿ. "ಮೆಟ್ಟಿಲ ಹತ್ರ ಮಾತ್ರ ಗುರುತು ಸಿಕ್ಕಿದೆ. ಸತ್ತದ್ದರದ್ದೋ ಬದುಕಿರೋದರದ್ದೋ, ಇದರಲ್ಲಿ ಗೊತ್ತಾಗಲ್ಲ."

"ಗೊತ್ತಾಗೋವರೆಗೂ ಕಾಯೋದು ಬೇಡ. ಏನು ಮಾಡಬೇಕು, ಅದನ್ನ ಹೇಳು."

ಮೆಟ್ಟಿಲ ಕೆಳಗಿನ ನೆಲಕ್ಕೆ ದಪ್ಪ ಕಪ್ಪು ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ, ಅಡಿಯ ಚಿಪ್ಪುಗಳ ಉಸಿರು ಕಟ್ಟಿಸಬೇಕು ಎಂದಳು ಹುಡುಗಿ. ಸೊಂಟಮಟ್ಟದ ನೀರಿನಲ್ಲಿ ಬ್ರಷ್ಷಕ್ಕ ಒಂದು ತುದಿ ಹಿಡಿದು ನಿಂತಾಗ ಇನ್ನೊಂದು ತುದಿ ಹಿಡಿದದ್ದು ಭಾವ. ಕಾರಣವಿತ್ತು. ಗೇಟಿನಲ್ಲಿ ಮಗುಚಿಟ್ಟಿದ್ದ ತನ್ನ ದೋಣಿಯ ತಳವನ್ನು ಐದನೇ ದಿನ ಸವರಿದಾಗ, ಒಣಗಿ ಸತ್ತ ಎಳ್ಳಿನಂಥದ್ದೊಂದು ಅವನ ಬೆರಳಿಗೆ ತಾಗಿತ್ತು.

"ಕಲ್ಲು ಇನ್ನೊಂದು ಇಡಿ ಭಾವ."

"ಇಡ್ತೀನಮ್ಮ. ಗೇಟಲ್ಲಿ ಎಲ್ಲರೂ ಒಂದೇ ಅಂದೆಯಲ್ಲ, ಭಾರ ಮಾತ್ರ ನನ್ನ ಕಡೆಗೇ ಬಂತು."

ಮೂರು ತಿಂಗಳಲ್ಲಿ ಎರಡು ಸಲ ಪರೀಕ್ಷೆಯಾಯಿತು. ಒಂಬತ್ತು ಬಾಟಲಿಯಲ್ಲೂ ಏನೂ ಇರಲಿಲ್ಲ. ಕಟ್ಟೆಯನ್ನು ಒಡೆದು ಹೊಸದಾಗಿ ಕಟ್ಟಿದರು. ಈ ಸಲ ರಿಬ್ಬನ್ ತಂದಿದ್ದವರನ್ನು ಬ್ರಷ್ಷಕ್ಕ ಪಕ್ಕಕ್ಕೆ ನಿಲ್ಲಿಸಿ, ಮೊದಲು ಬಕೆಟ್ ಎತ್ತಿದಳು. ನೀಲಿ ಕೆರೆಗೆ ಬೆನ್ನು ಹಾಕಿ, ಇಂಗುಗುಂಡಿ ತಲುಪಿ, ಮಣ್ಣಿನೊಳಗೆ ಇಳಿಯಿತು.

"ಈಗ ಕತ್ತರಿಸಿ ಸಾರ್," ಎಂದಳು.