ಗೇಟಿನ ಮೇಲೆ ಬೆಳೆದ ಹತ್ತಿ

ದೇವದುರ್ಗದ ನಮ್ಮ ಓಣಿಯ ಕಮ್ಮಾರ ಕಾಕಾ ಜೀವನವಿಡೀ ಕುಡಗೋಲು ಬಡಿದವರು. ಆಮೇಲೆ ಫೋನಿನಲ್ಲಿ ನೋಡಿಕೊಂಡೇ ಕಬ್ಬಿಣದ ಹೂ ಮಾಡುವುದನ್ನು ಕಲಿತರು. ಮೊದಲ ಗುಲಾಬಿಯನ್ನು ಅವರ ಹೆಂಡತಿ ಎಲೆಕೋಸು ಅಂದುಕೊಂಡರು. "ತಡಿ, ಇನ್ನೊಮ್ಮಿ ಕಾಸೋಣ," ಎಂದು ಕಾಕಾ ಮೀಸೆಯ ಬೆವರು ಒರೆಸಿಕೊಂಡರು. ಯಾರು ಏನೇ ಅಂದರೂ ಅವರದು ಅದೇ ಮಾತು.

ಮೊದಲ ಗಿರಾಕಿ ಮಾನ್ವಿ ಊರಿನ ಯಜಮಾನರೊಬ್ಬರು. ಹೊಸ ಮನೆಯ ಗೇಟಿಗೆ ಗುಲಾಬಿ ಬೇಕೆಂದಿದ್ದರು. ಗೇಟು ಕೂರಿಸುವ ದಿನ ನಾನೂ ಜೊತೆಗಿದ್ದೆ. ನೋಡಿದ್ದೇ ಯಜಮಾನರು ಮುಖ ಗಂಟಿಕ್ಕಿದರು.

"ಗುಲಾಬಿ ಎಲ್ಲ್ಯಾವ್ರಿ? ಇವು ಹತ್ತಿ ಹೂವು!"

ಕಾಕಾ ತಲೆ ಕೆರೆದುಕೊಂಡರು. "ಹುಟ್ಟಿದಾಗಿಂದ ಹೊಲದಾಗ ಅವನ್ನೇ ನೋಡೀನ್ರಿ. ಕೈ ಅತ್ತಾಗೇ ಹೋತು. ಇನ್ನೊಮ್ಮಿ ಕಾಸಿ ತರ್ತೀನ್ರಿ."

ಅಷ್ಟರಲ್ಲಿ ಯಜಮಾನರ ತಾಯಿ ಬಂದು, ಎಸಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ನಕ್ಕುಬಿಟ್ಟರು.

"ಹುಳ ಬೀಳಂಗಿಲ್ಲ, ಔಷಧ ಹೊಡಿಯಂಗಿಲ್ಲ. ಇಂಥಾ ಹತ್ತಿ ಯಾರಿಗೆ ಸಿಗ್ತದೋ? ಸುಮ್ನ ಹಚ್ಚಲಿ ಬಿಡು!"