ಹುಣಸೆಹಣ್ಣಿನಲ್ಲಿ ಬೆಳಗಿದ ಬ್ಯಾಡ್ಜು

ಸೋಮವಾರದ ಪೂಜೆಗೆಂದು ಭಾನುವಾರ ಸಂಜೆ ಹಿತ್ತಲಲ್ಲಿ ಹುಣಸೆಹಣ್ಣು, ಬೂದಿ ಇಟ್ಟುಕೊಂಡು ಕೂತೆನೆಂದರೆ ದೀಪ, ಗಂಟೆ, ತಂಬಿಗೆಗಳ ಜೊತೆಗೆ ಇನ್ನೊಂದು ಹಿತ್ತಾಳೆಯ ಸಾಮಾನೂ ನನ್ನ ಕೈಗೆ ಬರುತ್ತದೆ. ಅದು ದೇವರಲ್ಲ, ದೇವರ ಪರಿಕರವೂ ಅಲ್ಲ; ನಮ್ಮನೆಯವರು ಖಾಕಿ ಅಂಗಿಯ ಜೇಬಿನ ಮೇಲೆ ಚುಚ್ಚಿಕೊಳ್ಳುತ್ತಿದ್ದ ಬಸ್ ಡ್ರೈವರಿನ ಬ್ಯಾಡ್ಜು. ತಿಕ್ಕಿ ತಿಕ್ಕಿ ಅದರ ಮೇಲಿನ ನಂಬರು ಮಾಸಿಹೋಗಿದೆ. "ಇನ್ನೊಂದಷ್ಟು ದಿನ ಹೋದ್ರೆ ಬ್ಯಾಡ್ಜೂ ಇರಲ್ಲ, ಬರೀ ಪಿನ್ನು ಉಳೀತದೆ ಕಣೇ" ಎಂದು ಅವರು ಜಗಲಿಯಿಂದಲೇ ರೇಗಿಸುತ್ತಾರೆ. ರೇಗಿಸಲಿ ಬಿಡಿ. ಈ ಅಂಗೈಯಗಲದ ಲೋಹಕ್ಕಾಗಿ ನಾವು ಪಟ್ಟ ಪಾಡು ನಿಮಗೆ ಗೊತ್ತಿಲ್ಲ.

ಆಗ ಅವರು ಕೊಬ್ಬರಿ ಲಾರಿ ಓಡಿಸುತ್ತಿದ್ದರು. ತಿಪಟೂರಿನಲ್ಲಿ ಚೀಲ ತುಂಬಿಕೊಂಡು ಉತ್ತರದ ಕಡೆ ಹೊರಟರೆಂದರೆ ಮತ್ತೆ ಅವರ ಮುಖ ಕಾಣುವ ಹೊತ್ತಿಗೆ ನಮ್ಮ ಮಗಳು ಒಂದಷ್ಟು ಹೊಸ ಮಾತು ಕಲಿತಿರುತ್ತಿದ್ದಳು. ಆದರೆ ಆ ಮಾತುಗಳಲ್ಲಿ ಅಪ್ಪ ಅನ್ನುವುದೊಂದು ಇರುತ್ತಿರಲಿಲ್ಲ. ಗಡ್ಡ ಬಿಟ್ಟ ಆ ಮನುಷ್ಯ ಬಾಗಿಲಿಗೆ ಬಂದರೆ ನನ್ನ ಸೆರಗಿನ ಹಿಂದೆ ಅವಿತು "ಅಮ್ಮಾ, ಲಾರಿ ಮಾಮ ಬಂತು" ಅನ್ನುತ್ತಿದ್ದಳು. ಊರವರು ನಗುತ್ತಿದ್ದರು. ನಮ್ಮನೆಯವರೂ ನಗುತ್ತಿದ್ದರು, ಆದರೆ ಆ ದಿನ ಊಟ ಮಾತ್ರ ಸರಿಯಾಗಿ ಮಾಡುತ್ತಿರಲಿಲ್ಲ. ಕೊನೆಗೆ ಒಂದು ದಿನ, ತುರುವೇಕೆರೆ ದಾರಿಯ ಬಸ್ಸಿಗೆ ಡ್ರೈವರ್ ಬೇಕಂತೆ, ಬ್ಯಾಡ್ಜು ಮಾಡಿಸಿಕೊಂಡರೆ ದಿನಾ ಸಂಜೆ ಮನೆಗೇ ಬರಬಹುದು ಎಂದು ಹೇಳುವಾಗ ಅವರ ಕಣ್ಣು ನನ್ನ ಮೇಲಿರಲಿಲ್ಲ, ಅಂಗಳದಲ್ಲಿ ಆಡುತ್ತಿದ್ದ ಕೂಸಿನ ಮೇಲಿತ್ತು.

ಲಾರಿ ಓಡಿಸುವವನಿಗೆ ಬಸ್ಸೇನು ಮಹಾ ಅಂದುಕೊಂಡಿರಾ? ನಾವೂ ಹಾಗೇ ಅಂದುಕೊಂಡಿದ್ದೆವು. ಬ್ಯಾಡ್ಜಿನ ಪರೀಕ್ಷೆಗೆಂದು ತಿಪಟೂರಿಗೆ ಬಂದ ಬ್ರೇಕ್ ಇನ್ಸ್‌ಪೆಕ್ಟರು ಮಾತ್ರ ಹಾಗೆ ಅಂದುಕೊಂಡಿರಲಿಲ್ಲ. "ಖಾಲಿ ಬಸ್ಸು ಯಾರು ಬೇಕಾದ್ರೂ ಓಡಿಸ್ತಾರೆ" ಎಂದು ಅಲ್ಲಿ ನಿಂತಿದ್ದವರನ್ನೆಲ್ಲ ಹತ್ತಿಸಿಕೊಂಡರು. ಮಗಳನ್ನೆತ್ತಿಕೊಂಡು ನಾನೂ ಹತ್ತಿದೆ. ಗೇರು, ತಿರುವು, ಕೈಸನ್ನೆ ಎಲ್ಲಾ ಬೆಣ್ಣೆ ಸವರಿದಂತೆ ಸಾಗಿತು. ಅಷ್ಟರಲ್ಲಿ ರಸ್ತೆಯ ಬಲಗಡೆ ಹುರುಳಿ ಸೊಪ್ಪು ಕಾಣಿಸಿತು ನೋಡಿ!

ನಮ್ಮ ಕಡೆ ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ. ಕೊಯ್ದ ಹುರುಳಿಯನ್ನು ರಸ್ತೆಗೆ ಹರಡಿ ರೈತ ಹೊಂಗೆ ನೆರಳಲ್ಲಿ ಕೂತರೆ, ಹೋಗಿ ಬರುವ ಲಾರಿಗಳೇ ಅವನ ಒಕ್ಕಣೆ ಮಾಡಿಕೊಡುತ್ತವೆ. ಅದರ ಮೇಲೆ ಹತ್ತಿಸಿ ಹೋಗುವುದು ಡ್ರೈವರಿನ ದೊಡ್ಡತನ; ತಪ್ಪಿಸಿ ಹೋದವನು ಜಂಬದವನು. ಹುರುಳಿ ಮೆದೆಯ ಪಕ್ಕ ಕೂತಿದ್ದ ಅಜ್ಜ ಎದ್ದು, ಹತ್ತಿಸು ಎಂದು ಕೈ ಬೀಸಿದ. ನಮ್ಮನೆಯವರಿಗೆ ಪರೀಕ್ಷೆ ಮರೆತೇ ಹೋಯಿತು. ಬಲಕ್ಕೆ ಎಳೆದು ಸೊಪ್ಪಿನ ಮೇಲೆ ಹತ್ತಿಸಿದ್ದಷ್ಟೇ ಅಲ್ಲ, "ಇನ್ನೊಂದ್ಸಲ ಬಾರಪ್ಪೋ" ಎಂದು ಅಜ್ಜ ಕೂಗಿದ್ದಕ್ಕೆ ಗಕ್ಕನೆ ನಿಲ್ಲಿಸಿ ರಿವರ್ಸ್ ಬೇರೆ ತೆಗೆದರು! ಹಿಂದಿನವರೆಲ್ಲ ಮುಂದಕ್ಕೆ, ಮುಂದಿನವರು ಹಿಂದಕ್ಕೆ. ನನ್ನ ಮಗಳ ಹಣೆ ಎದುರು ಸೀಟಿನ ಕಂಬಿಗೆ.

"ಲಾರಿ ಮಾಮ ಬೀಳಿಸ್ತು" ಎಂದು ಅವಳು ಅತ್ತ ಅಳು ಬಸ್ಸಿಡೀ ಕೇಳಿಸಿತು.

ಇನ್ಸ್‌ಪೆಕ್ಟರು ಬೈಯಲಿಲ್ಲ. ಪೆನ್ನು ಮುಚ್ಚಿ, "ಕೊಬ್ಬರಿ ಚೀಲಕ್ಕೆ ಹಣೆ ಇರಲ್ಲ ಕಣಪ್ಪ, ಜನಕ್ಕಿರುತ್ತೆ. ಮುಂದಿನ ತಿಂಗಳು ಬಾ" ಎಂದು ಇಳಿದರು. ಅವರ ಮೇಲೆ ಆಗ ನನಗೆ ಉರಿದುಹೋಗಿತ್ತು. ಈಗ ಯೋಚಿಸಿದರೆ, ಒಂದು ಬಸ್ಸಿಗೇ ಇಷ್ಟು ಪರೀಕ್ಷೆ ಇರುವಾಗ ಹತ್ತಾರು ಜನರನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸಾಗುವ ಯಜಮಾನರಿಗೆ, ಮೇಷ್ಟರಿಗೆ, ಅತ್ತೆಯರಿಗೆ, ಅಷ್ಟೇಕೆ, ತಾಳಿ ಕಟ್ಟುವ ಗಂಡಂದಿರಿಗೂ ಇಂಥ ಒಬ್ಬ ಇನ್ಸ್‌ಪೆಕ್ಟರು ಬೇಕಿತ್ತು ಅನ್ನಿಸುತ್ತದೆ. ಎಷ್ಟು ಜನ ಪಾಸಾಗುತ್ತಿದ್ದರೋ ಶಿವನೇ ಬಲ್ಲ.

ಆ ತಿಂಗಳೆಲ್ಲ ಅವರು ಲಾರಿ ಹತ್ತಲಿಲ್ಲ. ಬಸ್ಸಿನವರ ಕಾಲುಕೈ ಹಿಡಿದು ಡ್ರೈವರ್ ಕೆಲಸ ಕಾಯ್ದಿರಿಸಿಕೊಂಡಿದ್ದರು. ಈ ಸಲವೂ ತಪ್ಪಿದರೆ ಮತ್ತೆ ಉತ್ತರದ ದಾರಿಯೇ ಗತಿ. ಮಗಳು ದೂರದಿಂದಲೇ ನೋಡುತ್ತಿದ್ದಳು, ಹತ್ತಿರ ಬರುತ್ತಿರಲಿಲ್ಲ.

ಎರಡನೇ ಪರೀಕ್ಷೆ. ಅದೇ ರಸ್ತೆ, ಅದೇ ಅಜ್ಜ, ಅಯ್ಯೋ ಅದೇ ಹುರುಳಿ! ಈ ಸಲ ಸೊಪ್ಪು ರಸ್ತೆ ತುಂಬ ಹರಡಿತ್ತು. ನಾನು ಮಡಿಲಲ್ಲಿದ್ದ ಮಗಳ ಹಣೆಗೆ ಅಂಗೈ ಅಡ್ಡ ಹಿಡಿದೆ. ನಮ್ಮನೆಯವರು ದೂರದಲ್ಲೇ ಮೆಲ್ಲಗೆ ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದರು.

"ತಾತೋ, ಒಸಿ ಪಕ್ಕಕ್ಕೆ ಎಳ್ಕೊ."

"ಹತ್ಸಪ್ಪ, ಏನಾಯ್ತದೆ? ಹೋದ್ ತಿಂಗ್ಳು ಹತ್ಸಿದ್ದೋನಲ್ವಾ ನೀನು?"

"ಒಳಗೆ ಜನ ಅವ್ರೆ ಕಣ್ ತಾತ. ನನ್ ಮಗಳೂ ಅವ್ಳೆ."

ಅಜ್ಜ ಗೊಣಗುತ್ತಾ ಸೊಪ್ಪು ಎಳೆದುಕೊಂಡ. ಬಸ್ಸು ಅಲುಗದೆ ದಾಟಿತು; ನನ್ನ ಮಡಿಲಲ್ಲಿ ಮಗಳು ನಿದ್ದೆ ಹೋಗಿದ್ದಳು. ಇನ್ಸ್‌ಪೆಕ್ಟರು ಹಿಂತಿರುಗಿ ಅವಳನ್ನು ಒಮ್ಮೆ ನೋಡಿ ಪೆನ್ನು ತೆಗೆದರು.

ಬ್ಯಾಡ್ಜು ಬಂತು. ಅದಾದ ಮೇಲೆ ದಿನಾ ಸಂಜೆ ತಿರುವಿನಲ್ಲಿ ಹಾರ್ನ್ ಕೇಳಿದೊಡನೆ ನಾನು ಮುದ್ದೆಗೆ ಎಸರಿಡುತ್ತಿದ್ದೆ. ಸ್ವಲ್ಪ ದಿನ ಕಳೆದ ಮೇಲೆ ಒಂದು ಸಂಜೆ ಮಗಳು ನನಗಿಂತ ಮೊದಲೇ ಹಾರ್ನ್ ಕೇಳಿಸಿಕೊಂಡು ಬಾಗಿಲಿಗೆ ಓಡಿದಳು. ಅಂದು ಎಸರು ಉಕ್ಕಿ ಒಲೆ ಆರಿದ್ದು ನನಗೆ ತಿಳಿಯಲೇ ಇಲ್ಲ.

ಹಾಗಾಗಿ ನಂಬರು ಅಳಿಸಿದರೆ ಅಳಿಸಲಿ, ನಾನಂತೂ ತಿಕ್ಕುವುದು ಬಿಡುವುದಿಲ್ಲ. ಸರ್ಕಾರದ ಲೆಕ್ಕದಲ್ಲಿ ಅದು ಜನರನ್ನು ಕರೆದೊಯ್ಯುವ ಅಪ್ಪಣೆಯಿರಬಹುದು. ನನಗೆ ಮಾತ್ರ ಅದನ್ನು ಮುಟ್ಟಿದಾಗಲೆಲ್ಲ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದ ಆ ಪುಟ್ಟ ಗಂಟಲೇ ಕೇಳಿಸುತ್ತದೆ: "ಅಮ್ಮಾ, ಅಪ್ಪ ಬಂತು!"